ಥಂಡಿ ಡಬ್ಬಿಗೆ ಒಯ್ದ ಕಾಯಿ

ನನಗೆ ಸಿಟ್ಟು ಬೇಗ. ಬನಹಟ್ಟಿಯ ನಮ್ಮ ಓಣಿಯಲ್ಲಿ ಬಸಗೊಂಡಪ್ಪನ ಬಾಯಿ ಎಂದರೆ ನಾಯಿಗಳೂ ದಾರಿ ಬಿಡುತ್ತವೆ. ಕರೆಂಟು ಹೋಗಿ ಮಗ್ಗ ನಿಂತರಂತೂ ಕೇಳಲೇಬೇಡಿ. ನಿಂತ ಪವರ್‌ಲೂಮ್ ಮತ್ತೆ ಶುರುವಾದ ಜಾಗದಲ್ಲಿ ಸೀರೆಗೆ ಅಡ್ಡಗೆರೆ ಬೀಳುತ್ತದೆ, ಕೊಳ್ಳುವವನ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಹೋದ ಮದುವೆ ಹಂಗಾಮಿನಲ್ಲಿ ಓಣಿಯ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಫ್ಯೂಸು ಒಂದೇ ವಾರದಲ್ಲಿ ನಾಲ್ಕು ಸಲ ಸುಟ್ಟಿತು. ಲೈನ್‌ಮನ್ ಕಲ್ಮೇಶನನ್ನು ಅಡ್ಡಗಟ್ಟಿದೆ.

“ಲೇ, ಫ್ಯೂಸಿಗೆ ದಪ್ಪ ತಂತಿ ಹಾಕು. ಮತ್ತ ಸುಡಬಾರದು.”

“ಕಾಕಾ, ತಂತಿ ಸುಡಲಿಲ್ಲಂದ್ರ ಟಿಸಿನ ಸುಡತೈತಿ.”

“ಅದನ್ನ ನಾ ನೋಡ್ಕೋತೇನಿ. ನೀ ಹಾಕು!”

ಇಬ್ಬರು ಮಕ್ಕಳ ತಂದೆ ಅವನು, ಆದರೂ ನನ್ನ ಬಾಯಿಗೆ ಹೆದರಿ ಹಾಕಿದ. ಮಗ್ಗಗಳು ಎಂಟು ದಿನ ನಿಲ್ಲದೆ ಓಡಿದವು. ನಾನು ಮೀಸೆ ತಿರುವಿಕೊಂಡು ಓಡಾಡಿದೆ.

ಆಗಷ್ಟೇ ಸಬ್‌ಸ್ಟೇಷನ್ನಿನಲ್ಲಿ ಪ್ರಯೋಗಕ್ಕೆಂದು ಹೊಸ ಯಂತ್ರವೊಂದನ್ನು ಕೂಡಿಸಿದ್ದರು. ನೋಡಲು ಉಕ್ಕಿನ ದೊಡ್ಡ ಹಂಡೆ. ಒಳಗೆ ದ್ರವ ನೈಟ್ರೋಜನ್, ಸೊನ್ನೆಗಿಂತ ಇನ್ನೂರು ಡಿಗ್ರಿಯಷ್ಟು ಕೆಳಗಿನ ಥಂಡಿ. ಅದರಲ್ಲಿ ಮುಳುಗಿದ ಲೋಹದ ಪಟ್ಟಿಯ ಮೂಲಕವೇ ನಮ್ಮ ಕರೆಂಟು ಹಾದು ಬರುತ್ತದಂತೆ. ಅದನ್ನು ನೋಡಿಕೊಳ್ಳಲು ಇಂಜಿನಿಯರ್ ರಾಜಶ್ರೀ ಜಮಖಂಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ನಾವು ಅದಕ್ಕೆ ಥಂಡಿ ಡಬ್ಬಿ ಎಂದು ಹೆಸರಿಟ್ಟು ನಕ್ಕೆವು. ನಕ್ಕವರಲ್ಲಿ ನನ್ನ ದನಿಯೇ ದೊಡ್ಡದು.

ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ಹೆಂಡತಿ ಅನಸವ್ವ ಟಿಸಿಯ ಪಕ್ಕದ ಕಟ್ಟೆಯ ಮೇಲೆ ನೂಲಿನ ಸಿಕ್ಕು ಬಿಡಿಸುತ್ತ ಕೂತಿದ್ದಳು. ಬೇವಿನ ನೆರಳಿಗೆಂದು ಅವಳು ದಿನಾ ಕೂರುವುದು ಅಲ್ಲಿಯೇ. ದಪ್ಪ ತಂತಿ ಹಾಕಿಸುವಾಗ ನನಗೆ ಅದು ನೆನಪಾಗಿರಲಿಲ್ಲ. ಧಡ್ ಎಂದು ಸದ್ದಾಯಿತು, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಚಪ್ಪಲಿಯಿಲ್ಲದೆ ಓಡಿದೆ. ಟಿಸಿಯ ಟ್ಯಾಂಕು ಉಬ್ಬಿತ್ತು, ಸಣ್ಣಗೆ ಹೊಗೆ ಏಳುತ್ತಿತ್ತು. ಅನಸವ್ವ ನೂಲನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

“ಯಾಕ್ರಿ ಹಂಗ ನಡಗಾಕತ್ತೀರಿ? ನನಗೇನೂ ಆಗಿಲ್ಲ,” ಎಂದಳು.

ಸಂಜೆ ರಾಜಶ್ರೀ ಕಲ್ಮೇಶನನ್ನು ಕರೆದುಕೊಂಡು ಬಂದು ಟಿಸಿ ನೋಡಿದರು.

“ಒಳಗ ಶಾರ್ಟ್ ಆಗೇತ್ರಿ, ಆದ್ರ ಈ ದಪ್ಪ ತಂತಿ ಸುಟ್ಟಿಲ್ಲ. ಸಬ್‌ಸ್ಟೇಷನ್ನಿನ್ಯಾಗ ನಮ್ಮ ಯಂತ್ರ ಕರೆಂಟ್ ನುಗ್ಗೂದನ್ನ ಹಿಡದು ಇಟ್ಟೈತಿ, ಅಷ್ಟರಾಗ ಬ್ರೇಕರ್ ಬಿದ್ದು ಲೈನ್ ಬಂದ್ ಆಗೇತಿ. ಇಲ್ಲಂದ್ರ ಟ್ಯಾಂಕ್ ಒಡದು, ಉರಿಯೂ ಎಣ್ಣಿ ಆ ಕಟ್ಟಿ ಮ್ಯಾಲ ಸಿಡೀತಿತ್ತು.”

ಕಟ್ಟೆ ಎಂದ ಕೂಡಲೇ ನಾನು ಅತ್ತ ತಿರುಗಿದೆ. ಕಲ್ಮೇಶ ತಲೆ ತಗ್ಗಿಸಿದ, ನನ್ನ ಹೆಸರು ಎತ್ತಲಿಲ್ಲ.

“ನಾನ ಬೈದು ಹಾಕ್ಸಿದ್ನಿರಿ, ಅವನ ತಪ್ಪಿಲ್ಲ,” ಎಂದು ಹೇಳಿಬಿಟ್ಟೆ. ಅನಸವ್ವ ಆಗ ಮನೆಯೊಳಗಿದ್ದಳು. ಅವಳಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅಮಾವಾಸ್ಯೆಗೆ ನಾವು ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತೇವೆ. ಆ ಸಲ ಮಗ್ಗಕ್ಕೆ ಒಂದು ಕಾಯಿ ಒಡೆದು, ಇನ್ನೊಂದನ್ನು ಹಿಡಿದು ಸಬ್‌ಸ್ಟೇಷನ್ನಿಗೆ ನಡೆದೆ. ರಾಜಶ್ರೀ ಗೇಟಿನಲ್ಲೇ ತಡೆದರು.

“ಯಂತ್ರದ ಹತ್ರ ಕಾಯಿ ಒಡಿಯೂ ಹಂಗಿಲ್ಲರಿ!”

“ಆತ್ರಿ. ಅದು ಹೆಂಗ ಕೆಲಸ ಮಾಡತೈತಿ ಅಂತಾದ್ರೂ ಹೇಳ್ರಿ.”

ಅವರು ಹೇಳಿದರು. ಜೀವಮಾನದಲ್ಲಿ ಮೊದಲ ಸಲ ನಡುವೆ ಬಾಯಿ ಹಾಕದೆ ಕೇಳಿದೆ. ದೂರದಿಂದಲೇ ಹಂಡೆಗೆ ಕೈಮುಗಿದೆ. ಕಣ್ಣು ಒದ್ದೆಯಾಯಿತು, ಒರೆಸಿಕೊಳ್ಳಲಿಲ್ಲ.

ಮನೆಗೆ ಬಂದು ಅನಸವ್ವನ ಎದುರು ಕೂತೆ. ದಪ್ಪ ತಂತಿ ಹಾಕಿಸಿದ್ದು ನಾನೇ ಎಂದೆ. ಅವಳು ಕೈಯಲ್ಲಿದ್ದ ನೂಲನ್ನು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು.

“ಆ ಡಬ್ಬಿ ಏನ್ ಮಾಡತೈತಂತ?”

“ದಿನಾ ಸುಮ್ನ ಇರತೈತಿ, ಕರೆಂಟಿಗೆ ಅಡ್ಡ ಬರೂದಿಲ್ಲ. ಹದ್ದ ಮೀರಿ ನುಗ್ಗಿದ್ರ ಅಡ್ಡ ನಿಂತು, ಬಿಸಿ ಎಲ್ಲಾ ತಾನ ನುಂಗಿ, ಮತ್ತ ತಣ್ಣಗ ಆಗತೈತಿ.”

ಅನಸವ್ವ ನನ್ನ ಮುಖವನ್ನೇ ನೋಡಿದಳು.

“ಮೂವತ್ತ ವರ್ಷ ಈ ಮನ್ಯಾಗ ನಾ ಮತ್ತೇನ್ ಮಾಡೇನ್ರಿ? ನನಗ ಒಂದ ದಿನಾರ ಕಾಯಿ ತಂದೀರೇನು?”

ಅವಳು ಬದುಕಿದ್ದಾಳೆ, ಎದುರು ಕೂತು ಬೈಯುತ್ತಿದ್ದಾಳೆ. ಇದಕ್ಕಿಂತ ದೊಡ್ಡ ಪುಣ್ಯ ನನಗೆ ಬೇಕಿರಲಿಲ್ಲ. ಕೈಯಲ್ಲೇ ಉಳಿದಿದ್ದ ಆ ಕಾಯಿಯನ್ನು ಅವಳ ಸೆರಗಿಗೆ ಹಾಕಿದೆ.

“ಗಂಡಸರು ಉಡಿ ತುಂಬತಾರೇನ್ರಿ?” ಎಂದು ಅವಳು ನಕ್ಕಳು.

“ನಾ ತುಂಬತೇನಿ,” ಎಂದೆ.