ನೀಲಿ ಹಡಗು ಬರುವ ಹೊತ್ತು

ಹಮೀದುನ್ನಿಸಾ ಗುಡ್ಡದ ಮೆಟ್ಟಿಲು ಹತ್ತುತ್ತಿದ್ದ ರಭಸ ನೋಡಿದರೆ ಅವರಿಗೆ ಅರವತ್ತೆರಡು ದಾಟಿದೆಯೆಂದು ಯಾರೂ ನಂಬುವಂತಿರಲಿಲ್ಲ. ಹೆಗಲ ಮೇಲೆ ಮಡಚಿದ ಕೌದಿ, ಕೈಯಲ್ಲಿ ಮೊಬೈಲು. ಅವರ ಹಿಂದೆ, ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತ, ಎಲಿಜಬೆತ ಬಾಯಿ.

“ಆಪಾ, ಸ್ವಲ್ಪ ನಿಲ್ರಿ. ಹಡಗಂದ್ರ ಏನು ಭಾಲ್ಕಿ ಬಸ್ಸ ಏನ್ರಿ, ತಪ್ಪಿ ಹೋಗ್ಲಾಕ?”

“ಭಾಲ್ಕಿ ಬಸ್ಸರೆ ಕೈ ಮಾಡಿದ್ರ ನಿಲ್ತದರಿ ಬಾಯಿ. ಇದು ನಿಲ್ತದೇನು?”

ಬೀದರದ ಮೈಲೂರಿನಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಹಮೀದುನ್ನಿಸಾರ ಮಗ ಖಾಲಿದ ಸರಕು ಹಡಗಿನ ಕೆಲಸಕ್ಕೆ ಹೋಗಿ ಹದಿನಾಲ್ಕು ತಿಂಗಳು. ತೆಲುಗು ಸೀಮೆಯ ಈ ಬಂದರಿಗೆ ಅವನ ಹಡಗು ಬರುತ್ತದೆ, ಒಂದು ದಿನ ನಿಂತು ಮತ್ತೆ ದೂರದೇಶಕ್ಕೆ ಹೊರಡುತ್ತದೆ. ಅವನಿಗೆ ಇಳಿಯಲು ಪಾಸಿಲ್ಲ, ತಾಯಿಗೆ ಒಳಗೆ ಹೋಗಲು ಪಾಸಿಲ್ಲ. ಫೋನಿನಲ್ಲಿ ಅವನು ಹೀಗೆ ಹೇಳಿದ್ದು ಗೋಡೆಯಾಚೆಗೂ ಕೇಳಿಸಿತ್ತು. ಎಲಿಜಬೆತ ಬಾಯಿ ನರ್ಸಿಂಗ ಕಲಿತದ್ದು ಇದೇ ಬಂದರಿನ ಊರಲ್ಲಿ. “ಗುಡ್ಡದ ಮ್ಯಾಲ ದೊಡ್ಡ ಕ್ಯಾಥೊಲಿಕ ಚರ್ಚ ಅದರಿ,” ಎಂದು ಆ ಹೊತ್ತೇ ಬಂದು ಹೇಳಿದ್ದರು. “ಅದರ ಬುಡಕ್ಕ ಹಡಗ ಬರೋ ಕಾಲುವಿ. ಡೆಕ್ಕಿನ ಮ್ಯಾಲಿನ ಮಂದಿ ಕಾಣ್ತಾರ.”

ಒಂದು ಸಲ ಕಣ್ಣಾರೆ ಕಂಡರೆ ಸಾಕು. ಅಷ್ಟಕ್ಕೇ ಒಂದು ರಾತ್ರಿ ಒಂದು ಹಗಲು ರೈಲಿನಲ್ಲಿ ಕೂತು ಬಂದಿದ್ದರು.

ಮೇಲೆ ತಲುಪಿದಾಗ ಗಾಳಿ ಸೆರಗನ್ನೇ ಕಿತ್ತುಕೊಳ್ಳುವಂತೆ ಬೀಸಿತು. ಬಿಳಿಯ ಗೋಪುರದ ತುದಿಯಲ್ಲಿ ಏಸುವಿನ ತಾಯಿಯ ಮೂರ್ತಿ, ಮುಖ ಕಡಲಿನ ಕಡೆಗೆ. ಕೆಳಗೆ ಕ್ರೇನುಗಳು, ಉಗ್ರಾಣಗಳು, ಅವುಗಳಾಚೆ ಇಡೀ ಊರು ಬಿಸಿಲಲ್ಲಿ ಹರಡಿ ಬಿದ್ದಿತ್ತು. ಎಲಿಜಬೆತ ಬಾಯಿ ಬಾಗಿಲಲ್ಲೇ ನಿಂತರು.

“ಯಾಕ್ರಿ, ಬೀಗರ ಮನಿಗೆ ಬಂದಂಗ ನಿಂತೀರಿ?”

“ನಮ್ಮ ಮೆಥೋಡಿಸ್ಟ ಚರ್ಚಿನಾಗ ಮೂರ್ತಿ ಇರಂಗಿಲ್ಲರಿ ಆಪಾ.”

“ಮರಿಯಂ ಬೀ ಹೆಸರು ನಮ್ಮ ಕುರಾನಿನಾಗೂ ಅದ. ನಿಮಗ ಗುರ್ತಿಲ್ಲಂದ್ರ ಬರ್ರಿ, ನಾ ಗುರ್ತು ಮಾಡಿ ಕೊಡ್ತೇನಿ.”

ನಗುತ್ತಲೇ ಇಬ್ಬರೂ ಒಳಗೆ ಹೋಗಿ, ಒಂದು ಗಳಿಗೆ ಮೂರ್ತಿಯ ಮುಂದೆ ನಿಂತು, ಹೊರಗೆ ಬಂದರು. ಅಷ್ಟು ಅವಸರದಲ್ಲೂ ಆ ಒಂದು ಗಳಿಗೆ ತಣ್ಣಗಿತ್ತು.

ಕಡಲ ಬದಿಯ ಮೋಟುಗೋಡೆಯ ಮೇಲೆ ಹಮೀದುನ್ನಿಸಾ ಕೌದಿ ಹರವಿದರು. ಕೆಂಪು, ಹಸಿರು, ಹಳದಿ ತುಂಡುಗಳ ಕೌದಿ. ಗುಡ್ಡದ ಮೇಲಿನ ಜನರಲ್ಲಿ ಮಗ ತಮ್ಮನ್ನು ಗುರುತಿಸಲಿ ಎಂದು, ಫೋನಿನಲ್ಲಿ ಅವನಿಗೆ ಹೇಳಿಯೇ ತಂದದ್ದು. ಚರ್ಚಿನ ಒಬ್ಬ ಸನ್ಯಾಸಿನಿ ದಡದಡ ಬಂದು, ಇಲ್ಲಿ ಬಟ್ಟೆ ಒಣಗಿಸಬಾರದು ಎಂದು ತೆಲುಗಿನಲ್ಲಿ ಗದರಿದರು. ಎಲಿಜಬೆತ ಬಾಯಿ ಸಂಗತಿ ಬಿಡಿಸಿ ಹೇಳಿದರು. ಸನ್ಯಾಸಿನಿ ಕೌದಿಯ ಒಂದು ಅಂಚು ಹಿಡಿದು ನಿಂತರು.

ಮೊದಲು ಬಂದದ್ದು ಕೆಂಪು ಹಡಗು. ಹಮೀದುನ್ನಿಸಾ ಎರಡೂ ಕೈ ಎತ್ತಿ ಬೀಸತೊಡಗಿದರು.

“ಆಪಾ, ನೀಲಿ ಹಡಗ ಅಂದಿದ್ದನಲ್ರಿ ನಿಮ್ಮ ಮಗ.”

“ಇದರಾಗೂ ಯಾರರೆ ತಾಯಿ ಮಕ್ಕಳೇ ಇರ್ತಾರಲ್ರಿ. ಇರ್ಲಿ ಬಿಡ್ರಿ.”

ಹಡಗಿನವರೂ ಕೈ ಬೀಸಿದರು. ಒಬ್ಬನು ಟೊಪ್ಪಿಗೆಯನ್ನೇ ಬೀಸಿದ.

ಆಮೇಲೆ ನೀಲಿ ಬಂತು. ಒಂದು ಓಣಿಯೇ ತೇಲಿ ಬಂದ ಹಾಗೆ, ಸದ್ದಿಲ್ಲದೆ, ಗುಡ್ಡದ ಬುಡಕ್ಕೆ. ಮುಂಭಾಗದಲ್ಲಿ ಆರು ಜನ. ಆರೂ ಜನಕ್ಕೆ ಅದೇ ಕಿತ್ತಳೆ ಬಟ್ಟೆ, ಅದೇ ಬಿಳಿ ಹೆಲ್ಮೆಟ್ಟು. ಕೌದಿ ಕಂಡಿತೇನೋ, ಎಲ್ಲರೂ ಕೈ ಬೀಸಿದರು.

ಹಮೀದುನ್ನಿಸಾರ ಕೈ ಕೆಳಗಿಳಿಯಿತು. “ಎಲ್ಲಾರೂ ಒಂದೇ ಹಂಗ ಕಾಣ್ತಾರಲ್ರಿ ಬಾಯಿ. ನನ್ನಾಂವ ಯಾಂವ?”

ಎಲಿಜಬೆತ ಬಾಯಿ ಕನ್ನಡಕ ಒರೆಸಿ ನೋಡಿದರು, ತಿಳಿಯಲಿಲ್ಲ. ಫೋನು ಹಚ್ಚಿದರೆ ಬರೀ ರಿಂಗು. ಹಡಗು ಸರಿಯುತ್ತಲೇ ಇತ್ತು. ಇನ್ನು ಸ್ವಲ್ಪ ಹೊತ್ತಿಗೆ ಕ್ರೇನುಗಳ ಹಿಂದೆ ಮರೆಯಾಗುತ್ತದೆ.

ಆಗ ಆರು ಜನರಲ್ಲಿ ಒಬ್ಬನು ಕೈ ಬೀಸುವುದನ್ನು ಬಿಟ್ಟು, ಹಗ್ಗದ ರಾಶಿ ದಾಟಿ ಅಂಚಿನ ಕಂಬಿಯ ಬಳಿ ಬಂದ. ನೆಟ್ಟಗೆ ನಿಂತ. ಸೊಂಟ ಬಗ್ಗಿಸಿ, ಬಲಗೈಯನ್ನು ಕೆಳಗಿನಿಂದ ಹಣೆಗೆ ತಂದ. ಒಮ್ಮೆ, ಎರಡು ಸಲ, ಮೂರು ಸಲ. ಈದಿನ ಬೆಳಿಗ್ಗೆ ಹೊಸ ಬಟ್ಟೆ ತೊಟ್ಟ ಮಕ್ಕಳು ಮೈಲೂರಿನ ಪಡಸಾಲೆಗಳಲ್ಲಿ ಹಿರಿಯರ ಮುಂದೆ ಮಾಡುವ ಸಲಾಮು.

ಹಮೀದುನ್ನಿಸಾ ಎರಡೂ ಅಂಗೈ ಗಾಳಿಗೆ ಚಾಚಿದರು. ಅವುಗಳ ನಡುವೆ ಇಡೀ ಹಡಗು ಹಿಡಿಸುತ್ತಿತ್ತು. ಅವನಿಗೆ ತಗಲಿದ ದೃಷ್ಟಿಯನ್ನೆಲ್ಲ ಬಾಚಿಕೊಂಡವರಂತೆ ಕೈಗಳನ್ನು ಹಿಂದೆ ತಂದು, ತಮ್ಮ ಹಣೆಯ ಎರಡೂ ಬದಿಗೆ ಒತ್ತಿ ನೆಟಿಗೆ ಮುರಿದರು. ಹತ್ತೂ ಬೆರಳು ಲಟಲಟನೆ ಸದ್ದು ಮಾಡಿದವು.

ಹಡಗು ತಿರುಗಿ ಮರೆಯಾಯಿತು.

“ಸೊರಗ್ಯಾನರಿ,” ಎಂದರು ಹಮೀದುನ್ನಿಸಾ.

“ಇಷ್ಟು ದೂರದಿಂದ ಅದೂ ಕಾಣ್ತೇನ್ರಿ?”

“ನೀವು ನರ್ಸ ಇದ್ದವ್ರು, ನಿಮಗ ನಾಡಿ ಹಿಡೀಬೇಕು. ನನಗ ಬೇಕಾಗಿಲ್ಲರಿ.”

ಏನಂದರು ಎಂದು ಸನ್ಯಾಸಿನಿ ತೆಲುಗಿನಲ್ಲಿ ಕೇಳಿದರು. ಎಲಿಜಬೆತ ಬಾಯಿ ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಕೌದಿಯ ಇನ್ನೊಂದು ಅಂಚು ಹಿಡಿದು ಮಡಚತೊಡಗಿದರು.