ನಲವತ್ತು ಮೀಟರ್

"ಸಾರ್, ಬಸವ ಈ ಕಡೆಗೇ ಬರ್ತಾ ಇದೆ," ಅಂದ ಸುಘೋಷ್.

ಡಾಕ್ಟರ್ ಗಿರಿರಾಜ್‌ಗೂ ಅದು ಕಾಣುತ್ತಿತ್ತು. ನಾಯಂಡಹಳ್ಳಿಯ ಗೋಡೌನುಗಳ ನಡುವೆ, ಮುಂದೆ ದಾರಿಯಿಲ್ಲದ ಗಲ್ಲಿ. ಅದರ ಕೊನೆಯಲ್ಲಿ ಬೆಳಗಿನಿಂದ ಗೋಡೆಗೆ ಮುಖ ಕೊಟ್ಟು ನಿಂತಿದ್ದ ಬಿಳಿ ಹೋರಿ ಈಗ ಕುಂಟುತ್ತಾ ಹೊರಟಿತ್ತು. ಯಾರೋ ಹರಕೆ ಹೊತ್ತು ದೇವರಿಗೆ ಬಿಟ್ಟ ಬಸವ. ಹಿಂಗಾಲಿಗೆ ತಂತಿ ಸುತ್ತಿಕೊಂಡು ಮಾಂಸ ಕೊಳೆಯುತ್ತಿತ್ತು. ಬಿಡಿಸಲು ಹೋದ ಮೆಕ್ಯಾನಿಕ್ಕನ ಪಕ್ಕೆಲುಬು ಮುರಿದಿತ್ತು. ಹಾಗಾಗಿ ಪಶುವೈದ್ಯರು, ಅವರ ಸಹಾಯಕ, ಮತ್ತು ಅರಿವಳಿಕೆ ಮದ್ದಿನ ಡಾರ್ಟ್ ಹಾರಿಸುವ ಈ ರೈಫಲ್ಲು.

ರೈಫಲ್ಲಿನ ಗುರಿಯನ್ನು ಎಷ್ಟು ದೂರಕ್ಕೆ ಹೊಂದಿಸಬೇಕು ಅನ್ನುವುದರ ಮೇಲೆ ನಿನ್ನೆ ಇಬ್ಬರಿಗೂ ಜಟಾಪಟಿಯಾಗಿತ್ತು. ನಲವತ್ತು ಮೀಟರಿಗೆ ಇಡೋಣ, ದೂರ ನಿಂತು ಹೊಡೆಯಬಹುದು ಅಂತ ಸುಘೋಷ್. ಇಪ್ಪತ್ತೇ ಸಾಕು ಅಂತ ಇವರು. ಗುಂಡಾಗಲಿ ಡಾರ್ಟಾಗಲಿ ನೆಟ್ಟಗೆ ಹೋಗುವುದಿಲ್ಲ, ಪೈಪಿನ ನೀರಿನ ಹಾಗೆ ಮೇಲೇರಿ ಬಾಗಿ ಬೀಳುತ್ತದೆ. ನಲವತ್ತಕ್ಕೆ ಸರಿಯಾಗಿ ಬೀಳುವಂತೆ ಇಟ್ಟರೆ ಇಪ್ಪತ್ತರಲ್ಲಿ ಗುರಿಗಿಂತ ಎರಡಡಿ ಮೇಲೆ ಹಾರುತ್ತದೆ. ಇದನ್ನೆಲ್ಲ ಮೂವತ್ತು ವರ್ಷದಿಂದ ಹೇಳಿ ಹೇಳಿ ಬಾಯಿ ನೋವು ಬಂದಿತ್ತು. ಕೊನೆಗೆ, ಏನಾದ್ರೂ ಮಾಡ್ಕೋ ಹೋಗಪ್ಪಾ ಅಂದುಬಿಟ್ಟಿದ್ದರು. ಅವನು ಮೈದಾನಕ್ಕೆ ಹೋಗಿ ಆರು ಸಲ ಹಾರಿಸಿ, ನಲವತ್ತಕ್ಕೆ ಅಚ್ಚುಕಟ್ಟಾಗಿ ಹೊಂದಿಸಿ ತಂದಿದ್ದ. ಅವನ ತಪ್ಪೇನೂ ಇಲ್ಲ ಬಿಡಿ. ಸುಸ್ತಾಗಿದೆ ಅಂತ ಬಿಟ್ಟುಕೊಟ್ಟವರು ಇವರು.

ಹೋರಿ ಹೊರಟಿದ್ದು ಸುಮ್ಮನೆ ಅಲ್ಲ. ಗಲ್ಲಿಯ ಮಧ್ಯದಲ್ಲಿ ಶೀಟಿನ ಮನೆಯೊಂದರ ಬಾಗಿಲು ತೆರೆದಿತ್ತು. ಶಾಂತವ್ವ ಬಾಳೆಹಣ್ಣಿನ ಚಿಪ್ಪು ಹಿಡಿದು ಹೊಸ್ತಿಲ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದರು. ಗದಗದ ಕಡೆಯಿಂದ ಬಂದು ಇಲ್ಲೇ ಮುದುಕಿಯಾದವರು. ದಿನಾ ಇದೇ ಹೊತ್ತಿಗೆ ಅದಕ್ಕೆ ಹಣ್ಣು ಕೊಡುವುದು ಅವರ ನೇಮ. ಇಡೀ ಗಲ್ಲಿಗೆ ಕೂಗಿ ಕೂಗಿ ಬಾಗಿಲು ಹಾಕಿಸಿದ್ದ ಇಲಾಖೆಯವರಲ್ಲಿ ಒಬ್ಬನಾದರೂ ಅವರ ಮನೆಯೊಳಗೆ ಹೋಗಿ ಹೇಳಿರಲಿಲ್ಲ. ಅವರಿಗೆ ಕಿವಿ ಮಂದ.

ಹೋರಿ ಬಂದು ಅವರ ಆಚೆ ಬದಿಗೆ ಅಡ್ಡ ನಿಂತಿತು. ಸರಿಯಾಗಿ ಇಪ್ಪತ್ತು ಮೀಟರ್.

ಗಿರಿರಾಜ್ ಸ್ಕೋಪಿಗೆ ಕಣ್ಣಿಟ್ಟರು. ಮದ್ದು ನಾಟಬೇಕಾದದ್ದು ಭುಜಕ್ಕೆ. ಎರಡಡಿ ಕೆಳಗೆ ಗುರಿ ಇಟ್ಟರೆ ಭುಜಕ್ಕೇ ಹೋಗುತ್ತದೆ, ಲೆಕ್ಕ ಸರಿ. ಎರಡಡಿ ಕೆಳಗೆ ಸಿಪ್ಪೆ ಸುಲಿಯಲು ಬಗ್ಗಿದ್ದ ಶಾಂತವ್ವನ ತಲೆ ಇತ್ತು. ಗೆರೆಗಳೆರಡು ಕೂಡುವ ಬಿಂದು ಬೈತಲೆಯ ಮೇಲೆ ಬಂದು ಕೂತಿತು. ಡಾರ್ಟ್ ಅವರ ತಲೆಯ ಮೇಲೆ ಎರಡೇ ಅಡಿ ಬಿಟ್ಟು ಹೋಗಬೇಕು. ಹೋಗದಿದ್ದರೆ, ಹೋರಿಯನ್ನು ಕೆಡವುವ ಮದ್ದು ಆ ಮೈಗೆ ಇಳಿದರೆ, ಆಸ್ಪತ್ರೆ ಮುಟ್ಟುವುದೂ ಸಂಶಯ.

ಹಿಂದೆ ಸರಿಯೋಣವೆಂದರೆ ಬೆನ್ನಿಗೇ ಇಲಾಖೆಯ ವ್ಯಾನು ಅಡ್ಡ ನಿಂತಿತ್ತು. ಸ್ಕೋಪಿನ ತಿರುಪು ತಿರುಗಿಸಿ ಇಪ್ಪತ್ತಕ್ಕೆ ಇಟ್ಟುಬಿಡಿ ಸಾರ್ ಅಂತ ಸುಘೋಷ್ ಪಿಸುಗುಟ್ಟಿದ. ಒಂದು ಸಲವಾದರೂ ಹಾರಿಸಿ ನೋಡದೆ ತಿರುಪನ್ನು ನಂಬುವುದು ಹೇಗೆ? ಮೇಲಿನವರ ಫೋನು ಜೇಬಿನಲ್ಲಿ ಮತ್ತೆ ಗುರ್ರೆಂದಿತು. ಹನ್ನೊಂದರೊಳಗೆ ರಸ್ತೆ ಬಿಟ್ಟುಕೊಡಿ ಅಂತ ಇದು ಐದನೇ ಸಲ. ಬೆರಳು ಟ್ರಿಗರಿನ ಮೇಲಿತ್ತು. ಹೊಡೆದು ಮುಗಿಸಿಬಿಡೋಣ ಅಂತ ಒಂದು ಗಳಿಗೆ ಮನಸ್ಸಿಗೆ ಬಂದಿದ್ದು ನಿಜ. ಆ ಗಳಿಗೆಗೆ ಅವರಿಗೇ ಹೆದರಿಕೆಯಾಯಿತು.

ರೈಫಲ್ಲನ್ನು ಸುಘೋಷನ ಕೈಗೆ ಕೊಟ್ಟರು. "ಡಾರ್ಟ್ ತೆಗೆದಿಡು. ಸಿರಿಂಜ್‌ಗೆ ಮದ್ದು ತುಂಬು."

"ಸಾರ್, ಹತ್ರ ಹೋಗ್ತೀರಾ?"

"ಆಯಮ್ಮ ಕೂತಿಲ್ವೇನೋ."

ಇಪ್ಪತ್ತು ಮೀಟರ್ ನಡೆಯಲು ಎಷ್ಟು ಹೊತ್ತಾಯಿತೋ. ಹೋರಿ ಕಿವಿ ನಿಮಿರಿಸಿತು, ಶಾಂತವ್ವ ತಲೆ ಎತ್ತಿದರು. ಕೈಯಲ್ಲಿನ ಸೂಜಿ ನೋಡಿಯೂ ಅವರು ಗಾಬರಿಯಾಗಲಿಲ್ಲ. "ಈ ಕಡಿಂದ ಬರ್ರಿ," ಅಂದರು. "ಆ ಕಣ್ಣು ಕಾಣಂಗಿಲ್ಲ ಅದಕ್ಕ. ಬೆದರತೈತಿ."

ಅವರು ಹಣ್ಣು ತಿನ್ನಿಸುತ್ತಾ ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲು ತುರಿಸಿದರು. ಗಿರಿರಾಜ್ ಕುತ್ತಿಗೆಗೆ ಸೂಜಿ ಇಳಿಸಿದರು. ಹೋರಿ ಒಂದು ಸಲ ಚರ್ಮ ಅದುರಿಸಿತು, ಅಷ್ಟೇ. ಹತ್ತು ನಿಮಿಷದಲ್ಲಿ ಮುಂಗಾಲು ಮಡಚಿ, ನಿಧಾನವಾಗಿ ನೆಲಕ್ಕೆ ಕುಸಿಯಿತು. ಸುಘೋಷ್ ಇಕ್ಕಳ ಹಿಡಿದು ಓಡಿಬಂದು ತಂತಿ ಕತ್ತರಿಸತೊಡಗಿದ.

ಶಾಂತವ್ವ ವ್ಯಾನಿನ ಕಡೆ, ಅದಕ್ಕೆ ಒರಗಿಸಿದ್ದ ರೈಫಲ್ಲಿನ ಕಡೆ ನೋಡಿದರು. "ಅಲ್ಲಿಂದ ಹೊಡೀಬೇಕಂತ ಇದ್ರೇನ್ರೀ?"

"ಹೂಂ ಅಮ್ಮ."

"ಎಲ್ಲಿ ಗುರಿ ಹಿಡಿದಿದ್ರಿ?"

ಭುಜ ತೋರಿಸಿ ಸುಮ್ಮನಾಗಬಹುದಿತ್ತು. ಗಿರಿರಾಜ್‌ಗೆ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ.

"ನಿಮ್ಮ ತಲೆಗೆ," ಅಂದರು.

ಕೇಳಿಸಿತೋ ಇಲ್ಲವೋ, ಶಾಂತವ್ವ ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸೆರಗು ಎಳೆದುಕೊಂಡು, ಮೆಟ್ಟಿಲ ಮೇಲೆ ಒಂದು ಪಕ್ಕಕ್ಕೆ ಸರಿದರು.

"ಕುಂದರ್ರಿ," ಅಂದರು. "ಕಾಲು ನಡಗಾಕತ್ಯಾವ ನಿಮಗ."