ಬೀದಿಯ ಬೀಗದಕೈ

"ನನ್ನ ಕೀ ಕೊಡ್ತೀಯೇನಮ್ಮ?" ಎಂದು ಟೀಚರಮ್ಮ ಕೈ ಚಾಚಿದಾಗ ಹೊಲಿಗೆಯಕ್ಕನ ಕಾಲು ಪೆಡಲಿನ ಮೇಲೇ ನಿಂತಿತು. "ನಾಳೆಯಿಂದ ಅಂಗಡಿ ಹುಡುಗಿ ಹತ್ರ ಇಡ್ತೀನಿ. ಮಗಳು ಬಸ್ಸಿಳಿಯೋದೇ ಅಲ್ಲಿ ನೋಡು."

"ಅದಕ್ಕೇನಂತೆ," ಎಂದು ಕೊಟ್ಟಳು. ಅವಳ ಬಳಿ ಉಳಿದಿದ್ದ ಕೊನೆಯ ಕೀ ಅದು.

ಕೆಲಸಕ್ಕೆ ಹೊರಟವರು ಮನೆಗೆ ಮೊದಲು ಬರುವವರಿಗೆಂದು ಬೀಗದಕೈಯನ್ನು ಹೊಲಿಗೆಯಕ್ಕನಿಗೆ ಕೊಟ್ಟು ಹೋಗುತ್ತಿದ್ದುದು ಇಂದು ನಿನ್ನೆಯ ಮಾತಲ್ಲ. ಕೀ ಜೊತೆಗೆ ಒಂದೆರಡು ಮಾತೂ ಬರುತ್ತಿತ್ತು. ಯಾರಿಗೆ ಜ್ವರ, ಯಾರ ಮನೆಗೆ ನೆಂಟರು, ಅವಳಿಗೆ ತಿಳಿಯದ್ದಿರಲಿಲ್ಲ. ಈಗ ಮೊನ್ನೆ ಮೊನ್ನೆ ಬಂದು, ಮೂಲೆಯಲ್ಲಿ ಸೋಪು, ಪೆನ್ಸಿಲ್ಲು ಇಟ್ಟುಕೊಂಡು ಕೂತವಳು ನಗುನಗುತ್ತಲೇ ಬೀದಿಯನ್ನು ಬಾಚಿಕೊಂಡಿದ್ದಳು. ಅಲ್ಲಿ ನಗು ಕೇಳಿದರೆ ಇಲ್ಲಿ ಹೊಲಿಗೆ ಡೊಂಕಾಗುತ್ತಿತ್ತು.

"ಹಲ್ಲು ಕಿಸಿಯೋದೂ ಒಂದು ವ್ಯಾಪಾರ," ಎಂದಳು ಗಂಡನಿಗೆ.

"ನೀನೂ ಒಂಚೂರು ಕಿಸಿ. ಹಲ್ಲೇನೂ ಉದುರಲ್ಲ."

ವಾರ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಹುಡುಗಿ ಓಡಿಬಂದು ಕಿಟಕಿಯ ಸರಳು ಹಿಡಿದಳು. "ಅಕ್ಕಾ, ಅಮ್ಮ ಬಿದ್ದುಬಿಟ್ರಂತೆ, ಆಸ್ಪತ್ರೆಗೆ ಹೋಗ್ತಿದ್ದೀನಿ. ಎಲ್ಲರ ಕೀಗಳನ್ನೂ ನಿಮ್ಮ ಹತ್ರ ಬಿಟ್ಟು ಹೋಗ್ಲಾ?"

ಹೊಲಿಗೆಯಕ್ಕ ತಲೆ ಎತ್ತಲಿಲ್ಲ. ಪೆಡಲು ಜೋರಾಗಿ ತುಳಿದಳು.

"ಅಕ್ಕಾ!"

ಇನ್ನೂ ಜೋರಾಗಿ ತುಳಿದಳು. ಕಿಟಕಿ ಖಾಲಿಯಾದ ಮೇಲೆ ನೋಡಿದರೆ ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಸಂಜೆ ಬೀಗ ಜಡಿದ ಅಂಗಡಿಯ ಮುಂದೆ ನಿಂತು ಸಾಕಾದವರೆಲ್ಲ ಹೊಲಿಗೆಯಕ್ಕನ ಮನೆಗೆ ಬಂದು ಕೂತರು. "ಕೀ ನಿನ್ನ ಹತ್ರಾನೇ ಇದ್ದಿದ್ರೆ ಈ ಪಾಡು ಇರ್ತಿರಲಿಲ್ಲ ಕಣಮ್ಮ," ಎಂದರು ಟೀಚರಮ್ಮ. ಅವಳ ಹೊಟ್ಟೆ ತಣ್ಣಗಾಯಿತು. ಎಲ್ಲರಿಗೂ ನೀರು ಕೊಟ್ಟಳು.

ಅಷ್ಟರಲ್ಲಿ ಹುಡುಗಿ ಏದುಸಿರು ಬಿಡುತ್ತ ಬಂದಳು.

"ಬಾರಮ್ಮ ಮಹಾರಾಯ್ತಿ, ಇಡೀ ಬೀದಿಗೇ ಬೀಗ ಹಾಕಿ ಹೋಗಿದ್ದೀಯಲ್ಲ!" ಎಂದ, ಕೀಗಾಗಿ ಕಾದು ಕೂತಿದ್ದ ವೈರಿಂಗ್ ಕೆಲಸದವ.

ಹುಡುಗಿ ಹೊಲಿಗೆಯಕ್ಕನನ್ನು ಒಮ್ಮೆ ನೋಡಿದಳು. ಹೊಲಿಗೆಯಕ್ಕ ಖಾಲಿ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದಳು.

"ಅಮ್ಮ ಬಿದ್ರು ಅಂತ ಗಾಬರೀಲಿ ಕೀಗಳನ್ನ ಅಂಗಡಿಯೊಳಗೇ ಬಿಟ್ಟು ಆಸ್ಪತ್ರೆಗೆ ಓಡಿದೆ ಅಣ್ಣ. ತಪ್ಪು ನಂದೇ."

"ಹಾಳಾಗ್ಲಿ ಬಿಡು. ಅಮ್ಮ ಹೇಗಿದ್ದಾರೆ?"

ಸೊಂಟದ ಮೂಳೆ ಮುರಿದಿತ್ತು. ಇವತ್ತು ರಾತ್ರಿ ಜೊತೆಗೆ ನಾನಿರ್ತೀನಿ, ಊಟ ನಾನು ತರ್ತೀನಿ ಎಂದು ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿದರು. ನಾನು ಬಿದ್ದರೆ ಇಷ್ಟು ಜನ ಏಳುತ್ತಾರೆಯೇ ಎಂದು ಹೊಲಿಗೆಯಕ್ಕ ಗೋಡೆಗೊರಗಿ ಲೆಕ್ಕ ಹಾಕುತ್ತಿದ್ದಳು, ಆಗಲೂ.

ತಾಯಿಯನ್ನು ಎತ್ತುವಾಗಲೋ ಏನೋ, ಹುಡುಗಿಯ ರವಿಕೆ ಭುಜದಲ್ಲಿ ಬಿಚ್ಚಿಕೊಂಡಿತ್ತು. ಉಳಿದ ಯಾರೂ ಅದನ್ನು ಗಮನಿಸಿರಲಿಲ್ಲ.

ಹೊಲಿಗೆಯಕ್ಕ ಸೂಜಿ ತಂದು ಅವಳ ಹಿಂದೆ ಕೂತಳು. "ಅಲ್ಲಾಡಬೇಡ," ಎಂದಳು. ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿದಳು, ಹೊಸೆದಳು, ಮತ್ತೆ ಒದ್ದೆ ಮಾಡಿದಳು. ಅದು ಸೂಜಿಯ ಕಣ್ಣಿಗೆ ಹೋಗಲೊಲ್ಲದು. ಹುಡುಗಿ ಹಿಂತಿರುಗಿ ನೋಡದೆ ಕಾದಳು.